ಹುಣ್ಣಿಮೆಯಲ್ಲಿ ಹುಣ್ಣಿಮೆ ಕಳೆದರೆ

ಒಂದೂರಿತ್ತಂತೆ. ಊರಿಗೆ ಒಂದೇ ಅಗಸಿ ಬಾಗಿಲು, ಅಗಸಿ ಕಾಯುವುದಕ್ಕೆ ಒಬ್ಬ ಮುದುಕ. ಮುದುಕನಿಗೆ ಹುಟ್ಟಿನಿಂದಲೇ ಸಂಶಯ. ಗಂಟು ಹೊತ್ತು ಬಂದವರನ್ನು ಅವನು ಮಾತಾಡಿಸುತ್ತಲೇ ಇರಲಿಲ್ಲ, ಗಂಟಿನ ಹತ್ತಿರ ಬಾಗಿ, "ನೀ ಯಾರು?" ಎಂದು ಗಂಟನ್ನೇ ಕೇಳುತ್ತಿದ್ದ. "ನಾನು ಜೋಳ" ಎಂದರೆ ಕಾಳು ತುಂಬುವ ಹಗೇವಿನ ಕಡೆಗೆ, "ನಾನು ಹತ್ತಿ" ಎಂದರೆ ನೂಲುವವರ ಓಣಿಗೆ. ಬಾಯಿ ಬಿಡದ ಗಂಟು ಅಗಸಿಯ ಹೊರಗೇ ಬಿಸಿಲು ಕಾಯಬೇಕು. ಜನ ಬೇಸತ್ತು ರಾಜನ ಹತ್ತಿರ ಹೋದರು. ರಾಜ ಮೀಸೆ ತೀಡಿಕೊಂಡು ಯೋಚಿಸಿ, "ಇಷ್ಟೇ ತಾನೆ? ನಾಳೆಯಿಂದ ಎಲ್ಲ ಗಂಟುಗಳೂ ಜೋಳವೆಂದೇ ಹೇಳಲಿ" ಎಂದ.

"ಆಮ್ಯಾಲ?" ಎಂದಳು ಸೀತವ್ವ. ಅವಳ ಕಣ್ಣು ಮಾತ್ರ ತೊಡೆಯ ಮೇಲಿದ್ದ ಉದ್ದನೆಯ ಹಾಳೆಗಳಲ್ಲಿತ್ತು.

"ಆಮ್ಯಾಲೇನು, ಎಲ್ಲಾರೂ ನಕ್ಕೋತ ಮನಿಗೆ ಹೋದ್ರು." ಅವಳ ಅಜ್ಜಿ, ಆಯಿ ತಾಯವ್ವ, ಆಕಳಿಸಿ ಗೋಡೆಗೆ ಒರಗಿದಳು. "ಉಳದದ್ದು ನನಗ ನೆನಪಿಲ್ಲ. ನೀ ಹಾಳಿ ಮಡಚು, ಕತ್ತಲಾತು."

ಈ ಕಥೆಯನ್ನು ಆಯಿ ಯಾವತ್ತೂ ಇದಕ್ಕಿಂತ ಮುಂದೆ ಹೇಳಿರಲಿಲ್ಲ. ಸಣ್ಣವಳಿದ್ದಾಗ ಸೀತವ್ವ ಉಳಿದದ್ದನ್ನು ಕಟ್ಟಿಕೊಳ್ಳುತ್ತ ನಿದ್ದೆ ಹೋಗುತ್ತಿದ್ದಳು. ಈಗ ಅವಳ ತಲೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಪುಣೆಯ ಕಂಪ್ಯೂಟರಿಗೆಂದು ಕಳಿಸಿದ ಅವಳ ಪ್ರೋಗ್ರಾಂ ಕೆಲಸ ಮಾಡದೆ ಹಾಗೆಯೇ ವಾಪಸು ಬಂದಿತ್ತು.

ನೇಸರಗಿಯಿಂದ ಬೈಲಹೊಂಗಲಕ್ಕೆ ಹೋಗುವ ದಾರಿಯ ಬದಿಯಲ್ಲಿ ಕಲ್ಮೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆ. ಅಲ್ಲಿನ ಕಬ್ಬಿನ ಆಫೀಸಿನಲ್ಲಿ ಸೀತವ್ವನಿಗೆ ನೌಕರಿ ಸಿಕ್ಕು ವರ್ಷವಾಗಿತ್ತು. ಧಾರವಾಡದಲ್ಲಿ ಗಣಿತ ಓದಿದವಳು, ಪುಣೆಯಲ್ಲಿ ಕಾಕಾನ ಮನೆಯಲ್ಲಿದ್ದು ಕಂಪ್ಯೂಟರಿನ ಭಾಷೆ ಕಲಿತವಳು ಎಂದು ಕರೆದು ಕೊಟ್ಟ ಕೆಲಸ. ಯಾರ ಕಬ್ಬು ಮೊದಲು ಕಡಿಯಬೇಕು, ಯಾರದು ಆಮೇಲೆ ಎನ್ನುವ ಪಾಳಿಯನ್ನು ಅಲ್ಲಿಯ ತನಕ ಕಾರ್ಖಾನೆಯ ಬೇಸಾಯದ ಅಧಿಕಾರಿ, ಶೇತ್ಕಿ ಸಾಹೇಬ ದುಂಡಪ್ಪನೇ ಬರೆಯುತ್ತಿದ್ದ. ನಾಟಿಯ ತಾರೀಖೂ ಅವನದೇ, ಪಾಳಿಯೂ ಅವನದೇ. ಎರಡು ಹಂಗಾಮಿನಿಂದ ರಾಯವ್ವ ಎಂಬ ವಿಧವೆಯ ಕಬ್ಬು ಕಟ್ಟಕಡೆಗೆ ಕಡಿತಕ್ಕೆ ಬಂದು, ಹೂ ಬಿಟ್ಟು, ಒಳಗೆ ಬೆಂಡಾಗಿ, ಗಾಡಿಯಲ್ಲಿ ಹೇರಿದರೆ ಸೊಪ್ಪಿನಷ್ಟೇ ತೂಗಿತ್ತು. ಇನ್ನೊಂದು ವರ್ಷ ಹಾಗಾದರೆ ಹೊಲವನ್ನು ಬೇರೆಯವರಿಗೆ ಪಾಲಿಗೆ ಕೊಟ್ಟು ಮಗಳ ಊರಿಗೆ ಹೋಗುವುದೇ ಎಂದು ಅವಳು ಹೇಳಿಕೊಂಡು ತಿರುಗುತ್ತಿದ್ದಳು. ಆ ಬೇಸಿಗೆಯ ಸಭೆಯಲ್ಲಿ ರೈತರು ದುಂಡಪ್ಪನನ್ನು ಅಡ್ಡಹಾಕಿದಾಗ, ಯಾರೂ ಕೇಳದಿದ್ದರೂ ಸೀತವ್ವ ಎದ್ದು ನಿಂತಿದ್ದಳು. ಬಾಯ್ಲರಿಗೆ ಬೆಂಕಿ ಹಾಕುವುದರೊಳಗೆ ಪಾಳಿಯ ಹಾಳೆ ಆಫೀಸಿನ ಗೋಡೆಯ ಮೇಲಿರುತ್ತದೆ, ಮೊದಲು ನೆಟ್ಟವರದು ಮೊದಲು, ನಡುವೆ ಯಾರ ಕೈಯೂ ಇರುವುದಿಲ್ಲ, ಇದು ನನ್ನ ಮಾತು ಎಂದಿದ್ದಳು.

ರೈತರು ಒಂದೇ ಕರಾರು ಹಾಕಿದ್ದರು. ತಾರೀಖು ಬೇಡ. ತಾರೀಖು ಬರೆಯುವವನ ಪೆನ್ನಿನಲ್ಲಿರುತ್ತದೆ. ಹುಣ್ಣಿಮೆ ಊರಿನ ಕಣ್ಣಿನಲ್ಲಿರುತ್ತದೆ. ಯಾರು ಯಾವ ಹುಣ್ಣಿಮೆಗೆ ನೆಟ್ಟರು ಎಂಬುದು ಅಕ್ಕಪಕ್ಕದ ಹೊಲದವರಿಗೆ ಗೊತ್ತು. ಬೇಕಾದರೆ ಬಂದು ಸಾಕ್ಷಿ ಹೇಳಲಿ. ಸೀತವ್ವ ಒಪ್ಪಿ, ಊರೂರು ತಿರುಗಿ, ಸೀಗಿ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಎಂದು ಎಲ್ಲರ ನಾಟಿಯನ್ನೂ ಬರೆದುಕೊಂಡು ಬಂದಿದ್ದಳು.

ಆಯಿಯ ಕಥೆ ಕೇಳಿದ ಮರುದಿನ ಅವಳು ಆಫೀಸಿಗೆ ಹೋಗುವಷ್ಟರಲ್ಲಿ ಕಟ್ಟೆಯ ಮೇಲೆ ಜನ ಕೂತಿದ್ದರು. ನಡುವೆ ಕಂಬಳಿ ಹೆಗಲಿಗೆ ಹಾಕಿದ ಬೀರಪ್ಪ. ಸಭೆಯಲ್ಲಿ ಎಲ್ಲರಿಗಿಂತ ಜೋರು ಮಾತಾಡಿದವನು ಅವನೇ. ಅಂಗಡಿಯವನು ಸಕ್ಕರೆ ಕಟ್ಟಿಕೊಟ್ಟರೆ ಪೊಟ್ಟಣ ಬಿಚ್ಚಿ ನಾಲಗೆಗೆ ಹಚ್ಚಿ ನೋಡುವ ಮನುಷ್ಯ.

"ಏನ್ ಅಂತೈತಿ ತಂಗಿ, ಪುಣೆದ ಮಿಷನ್ನು?"

"ಕೆಲಸಾ ಮಾಡಲಿಲ್ಲ ಕಾಕಾ. ಓದಿ ವಾಪಸ್ ಕಳಿಸೈತಿ."

"ಓದಾಕ ಬಂದಾವಗ ಮಾಡಾಕ ಏನ್ ಧಾಡಿ?"

ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಹೇಗೆ ಹೇಳಲಿ ಎಂದು ಯೋಚಿಸಿದಳು. "ಚಾಲೂ ಮಾಡೂಕಿಂತ ಮೊದ್ಲ ಅದು ನಾ ಬರದದ್ದೆಲ್ಲಾ ಒಮ್ಮೆ ಓದತೈತ್ರಿ. ಯಾವ ಹೆಸರು ಯಾವ ಜಾತಿದು ಅಂತ ನಾ ಮೊದ್ಲ ಹೇಳಿರಬೇಕು. ಇದು ಅಂಕಿ, ಕೂಡಸಬಹುದು, ಕಳೀಬಹುದು. ಇದು ಬರೇ ಅಕ್ಷರ, ಹೆಸರು, ಇದನ್ನ ಕೂಡಸಾಕ ಬರೂದಿಲ್ಲ. ಒಮ್ಮೆ ಹೇಳಿದ್ರ ಮುಗೀತು, ಕಡೀತನಾ ಅದು ಅದ ಜಾತಿ. ಹೇಳಿದ ಜಾತಿ ಒಂದು, ಮಾಡಸೂ ಕೆಲಸಾ ಇನ್ನೊಂದು ಆದ್ರ, ಅಗಸ್ಯಾಗನ ನಿಂದರಸತೈತಿ. ಒಂದು ಹೆಜ್ಜಿ ಮುಂದ ಹೋಗೂದಿಲ್ಲ."

"ಮಿಷನ್ನೂ ಜಾತಿ ಕೇಳತೈತೇನ ಮತ್ತ?" ಎಂದ ಬೀರಪ್ಪ.

ಕಟ್ಟೆಯ ಮೇಲೆ ನಗು ಎದ್ದಿತು. ಎದ್ದದ್ದು ಅರ್ಧಕ್ಕೆ ನಿಂತಿತು. ಯಾರೋ ಕೆಮ್ಮಿದರು, ಯಾರೋ ತಮ್ಮ ಚಪ್ಪಲಿಯ ಬಾರನ್ನು ನೋಡಿಕೊಂಡರು. ಸೀತವ್ವನ ಮನೆ ಊರ ಹೊರಗಿನ ಕೇರಿಯಲ್ಲಿತ್ತು. ಅಪ್ಪ ಗಂಗಪ್ಪ ಗೋಡೆಗೆ ಬುದ್ಧನ ಫೋಟೋ ಹಾಕಿದ ಮೇಲೆ ಜನ ಕೇಳುವ ಪ್ರಶ್ನೆ ಮಾತ್ರ ಬದಲಾಗಿತ್ತು. ಮೊದಲು ಯಾರ ಪೈಕಿ ಎನ್ನುತ್ತಿದ್ದರು, ಈಗ ಯಾವ ಓಣಿ ಎನ್ನುತ್ತಿದ್ದರು.

"ಕೇಳತೈತಿ ಕಾಕಾ," ಎಂದಳು ಸೀತವ್ವ. "ಆದ್ರ ಹೇಳಾಕಿ ನಾನು."

ಬೀರಪ್ಪ ಕಂಬಳಿಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ. "ಇರಲಿ ಬಿಡು. ಮೊದ್ಲ ಕೇಳೂದು ಚಲೋನ. ಕಬ್ಬ ಕಡದ ಮ್ಯಾಲ ಕೇಳಿ ಏನ್ ಮಾಡೂದೈತಿ? ನಮ್ಮಕಿಂತ ಸಂಶಯದ ಪ್ರಾಣಿ ಐತಿ ಅಂದಂಗಾತು ಅದು."

ಒಳಗೆ ದುಂಡಪ್ಪ ಫ್ಯಾನಿನ ಕೆಳಗೆ ಕೂತು ಎಲ್ಲ ಕೇಳಿಸಿಕೊಂಡಿದ್ದ. ಅವಳು ಹಾಳೆ ತಂದು ಮೇಜಿನ ಮೇಲೆ ಹರಡಿದಾಗ ಕನ್ನಡಕ ಏರಿಸಿದ. ಒಂದು ಸಾಲಿನ ಕೆಳಗೆ ಮಿಷನ್ನು ತಕರಾರು ಅಚ್ಚುಹಾಕಿತ್ತು. ಗೌರಿ ಹುಣ್ಣಿಮೆಗೆ ಕಾರ್ಖಾನೆ ಶುರು. ಅದರಲ್ಲಿ ನಾಟಿಯ ಹುಣ್ಣಿಮೆ ಕಳೆದರೆ ಕಬ್ಬಿನ ವಯಸ್ಸು ಸಿಗುತ್ತದೆ ಎಂದು ಅವಳು ಬರೆದಿದ್ದಳು. ಹುಣ್ಣಿಮೆಯನ್ನು ಅಕ್ಷರ ಎಂದು ಹೇಳಿ ಕಳೆಯಲು ಹೇಳುತ್ತೀಯಲ್ಲ, ಇದು ಅಂಕಿಯಲ್ಲ, ಕಳೆಯಲಾಗದು ಎಂದು ಅದರ ತಕರಾರು.

"ಇಷ್ಟಕ್ಕ ವಾಪಸ್ ಕಳಸೈತೇನ?" ಎಂದ ದುಂಡಪ್ಪ. "ಅಂಕಿ ಅಂತ ಹೇಳಿಬಿಡು, ಮುಗೀತು. ದವನದ ಹುಣ್ಣಿಮಿ ಒಂದು, ಆಗಿ ಹುಣ್ಣಿಮಿ ಎರಡು, ಹೋಳಿ ಹುಣ್ಣಿಮಿ ಹನ್ನೆರಡು. ಸಣ್ಣ ಹುಡುಗೂರಿಗೂ ಬರತೈತಿ."

"ಬರತೈತ್ರಿ. ಆದ್ರ ಅದು..."

"ಏನ್ ಆದ್ರ? ಬಾಯ್ಲರ್ ಪೂಜಾ ಮುಂದಿನ ವಾರ. ಹೊರಗ ಕುಂತಾವ್ರು ನನ್ನ ಬಿಡೂದಿಲ್ಲ, ನಿನ್ನೂ ಬಿಡೂದಿಲ್ಲ. ಅದರ ಬಾಯಿ ಮುಚ್ಚಸು ಮೊದ್ಲ."

ಹುಣ್ಣಿಮೆಗಳ ಹೆಸರುಗಳನ್ನು ಆಯಿ ಬೆರಳು ಮಡಚಿಸಿ ಹೇಳಿಕೊಟ್ಟದ್ದು ಸೀತವ್ವನಿಗೆ ನೆನಪಾಯಿತು. ಯುಗಾದಿಯಾದ ಮೇಲೆ ದವನದ್ದು, ಆಗಿಯದ್ದು, ಕಾರಹುಣ್ಣಿಮೆ. ಬೆರಳಿನ ಮೇಲೆ ಬಂದದ್ದು ಅಂಕಿಯಾಗದೇ? ಮನಸ್ಸಿನಲ್ಲಿ ಏನೋ ಕೊಕ್ಕೆಯಂತೆ ಸಿಕ್ಕಿಕೊಂಡಿತ್ತು. ಆದರೆ ಮಧ್ಯಾಹ್ನದ ಹೊತ್ತಿಗೆ ಅವಳು ಹುಣ್ಣಿಮೆಯನ್ನು ಅಂಕಿ ಎಂದು ತಿದ್ದಿ, ಎಲ್ಲರ ಹುಣ್ಣಿಮೆಯ ಜಾಗದಲ್ಲೂ ಒಂದೊಂದು ಅಂಕಿ ಬರೆದು, ಬೆಳಗಾವಿಗೆ ಹೋಗುವ ಜೀಪಿನಲ್ಲಿ ಕಟ್ಟು ಇಟ್ಟಳು. ಅಲ್ಲಿಂದ ರಾತ್ರಿಯ ರೈಲಿಗೆ ಅದು ಪುಣೆ ಸೇರುತ್ತದೆ.

ಈ ಸಲ ತಕರಾರು ಬರಲಿಲ್ಲ. ಕಟ್ಟು ಬಿಚ್ಚಿದರೆ ಹಾಳೆ ಹಾಳೆಯಾಗಿ ಹೆಸರುಗಳು, ಎದುರಿಗೆ ವಯಸ್ಸು, ಪಾಳಿ. ಸೀತವ್ವನಿಗೆ ಕುಣಿಯಬೇಕೆನ್ನಿಸಿತು. ಮೈದಾ ಹಿಟ್ಟಿನ ಅಂಟು ಕಾಸಿ ತಾನೇ ಗೋಡೆಗೆ ಹಚ್ಚಿದಳು. ಹಚ್ಚುತ್ತಿದ್ದಂತೆಯೇ ಜನ ಅವಳ ಬೆನ್ನಿಗೆ ಬಂದು ನಿಂತರು. ಓದು ಬಲ್ಲವರು ಬೆರಳಿಟ್ಟು ಹುಡುಕಿದರು, ಬಾರದವರು ಓದುವವರ ಮುಖ ನೋಡಿದರು.

ರಾಯವ್ವ ಕೊನೆಗೆ ಬಂದಳು. ಬಿಸಿಲಲ್ಲಿ ನಡೆದು ಬಂದ ಮುಖ, ಸೆರಗಿನ ತುದಿ ಹಲ್ಲಿನಲ್ಲಿ. "ನಂದು ಎಲ್ಲೈತಿ ತೋರಸವಾ," ಎಂದಳು.

ಸೀತವ್ವನ ಬೆರಳು ಮೇಲಿನಿಂದ ಇಳಿಯಿತು. ಮೊದಲ ಹಾಳೆಯಲ್ಲಿ ಇಲ್ಲ. ನಡುವಿನ ಹಾಳೆಯಲ್ಲಿ ಇಲ್ಲ. ಕಟ್ಟಕಡೆಯ ಹಾಳೆಯ ಕೆಳಭಾಗದಲ್ಲಿ ರಾಯವ್ವನ ಹೆಸರಿತ್ತು.

"ಎಷ್ಟ ವಯಸ್ಸ ಬರದೈತಿ ನನ್ನ ಕಬ್ಬಿಗೆ?"

"ಮೂರು ತಿಂಗಳು," ಎಂದಳು ಸೀತವ್ವ.

ರಾಯವ್ವ ನಕ್ಕಳೋ ಏನೋ. "ಅದರಾಗ ಹೊಕ್ರ ನಾ ಕಾಣೂದಿಲ್ಲ, ನನ್ನ ಎತ್ತ ಕಾಣೂದಿಲ್ಲ. ಮೂರು ತಿಂಗಳಂತ." ಸೆರಗನ್ನು ಹಲ್ಲಿನಿಂದ ಬಿಟ್ಟು ತಲೆಯ ಮೇಲೆ ಎಳೆದುಕೊಂಡಳು. "ಮೊದ್ಲ ದುಂಡಪ್ಪನ ಕೈ ಇತ್ತು. ಈಗ ನಿನ್ನ ಕೈ ಬಂತು. ಕೈ ಬದಲಾತು ಇಷ್ಟ." ಅಷ್ಟು ಹೇಳಿ, ಬಂದ ದಾರಿಯಲ್ಲೇ ಹೊರಟುಹೋದಳು. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ಸೀತವ್ವನಿಗೆ ಅನ್ನಿಸಿತು.

ಎಲ್ಲಕ್ಕಿಂತ ಮೇಲಿದ್ದ ಹೆಸರು ದುಂಡಪ್ಪನ ಬೀಗ ಶಂಕ್ರೆಪ್ಪನದು. ಅದರ ಕೆಳಗೆ ಬೀರಪ್ಪನದು. ಬೀರಪ್ಪ ತನ್ನ ಹೆಸರಿನ ಮುಂದೆ ನಿಂತು ಅದನ್ನು ಹಾವು ನೋಡಿದಂತೆ ನೋಡುತ್ತಿದ್ದ.

"ನನ್ನ ಯಾಕ ಇಷ್ಟ ಮ್ಯಾಲ ಕುಂದರಿಸ್ಯಾರ?" ಎಂದ. "ನಾ ನೆಟ್ಟದ್ದು ದವನದ ಹುಣ್ಣಿಮಿಗೆ. ರಾಯವ್ವ ನನಕಿಂತ ಮೊದ್ಲ ನೆಟ್ಟಾಳ, ನಾನ ನೋಡೇನಿ. ಯಾರೋ ನನ್ನ ಬಾಯಾಗ ಬೆಲ್ಲಾ ತುರುಕಾಕ ಹತ್ಯಾರ."

"ಬೆಲ್ಲಾ ಕೊಟ್ರ ಸುಮ್ನ ಚಪ್ಪರಿಸೋ ಮಾರಾಯಾ," ಎಂದ ಶಂಕ್ರೆಪ್ಪ ಹಿಂದಿನಿಂದ. ಬೀರಪ್ಪ ಹೊರಳಿ ನೋಡಿದ ರೀತಿಗೆ ಅವನು ಬೀಡಿ ಹಚ್ಚಿಕೊಳ್ಳುವ ನೆಪದಲ್ಲಿ ದೂರ ಸರಿದ.

ಸೀತವ್ವ ನೇರ ಒಳಗೆ ಹೋದಳು. "ಸಾಹೇಬ್ರ, ಜೀಪಿನ್ಯಾಗ ಇಟ್ಟ ಕಟ್ಟ ಬಿಚ್ಚಿದ್ರೇನ ನೀವು?"

ದುಂಡಪ್ಪ ಕುಡಿಯುತ್ತಿದ್ದ ಚಹಾದ ಬಸಿಯನ್ನು ಕೆಳಗಿಟ್ಟ. "ಏನಂದಿ?"

"ಶಂಕ್ರೆಪ್ಪನ್ನ ಮ್ಯಾಲ ಯಾರ ತಂದ್ರು?"

"ನಿನ್ನ ಮಿಷನ್ನು." ಅವನಿಗೆ ನಿಜಕ್ಕೂ ನೋವಾದಂತಿತ್ತು. "ನೋಡವಾ, ಇಷ್ಟ ವರ್ಷದಾಗ ನಾ ಖರೇನ ಏನೂ ಮಾಡದ ಇದ್ದದ್ದು ಇದೊಂದ ಸಲ. ಅದಕ್ಕ ನೀ ಬಂದು ಎದಿ ಮ್ಯಾಲ ನಿಂತಿ. ಹೋಗು, ನೀ ಬರದದ್ದ ನೀನ ನೋಡು. ನನ್ನ ಕೈ ಕಂಡ್ರ ಬಂದು ಹೇಳು."

ಅವಳು ಬೇವಿನ ಮರದ ಕೆಳಗೆ ಕೂತು ಸಾಲು ಸಾಲು ನೋಡಿದಳು. ಒಂದು ಅಕ್ಷರವೂ ಬದಲಾಗಿರಲಿಲ್ಲ. ಪುಣೆಯವರ ಮೇಲೆ ಸಂಶಯಪಟ್ಟಳು, ಹುಣ್ಣಿಮೆ ಹೇಳಿದ ರೈತರ ಮೇಲೆ ಸಂಶಯಪಟ್ಟಳು. ರಾಯವ್ವನ ಸಾಲಿಗೆ ಬಂದು ಕೈಯಲ್ಲೇ ಲೆಕ್ಕ ಮಾಡಿದಳು. ಗೌರಿ ಹುಣ್ಣಿಮೆ ಎಂಟು. ದವನದ್ದು ಒಂದು; ಎಂಟರಲ್ಲಿ ಒಂದು ಹೋದರೆ ಬೀರಪ್ಪನ ಕಬ್ಬಿಗೂ ಶಂಕ್ರೆಪ್ಪನ ಕಬ್ಬಿಗೂ ಏಳು ತಿಂಗಳು. ರಾಯವ್ವ ನೆಟ್ಟ ಭಾರತ ಹುಣ್ಣಿಮೆ ಹನ್ನೊಂದು. ಎಂಟರಲ್ಲಿ ಹನ್ನೊಂದು ಹೋಗುವುದಿಲ್ಲ. ಮಿಷನ್ನು ಮಾತ್ರ ಕಳೆದು, ಉಳಿದ ಮೂರಕ್ಕೆ ಮುಂದಿದ್ದ ಋಣದ ಗೆರೆಯನ್ನು ಬಿಟ್ಟು, ಮೂರು ತಿಂಗಳು ಎಂದು ಅಚ್ಚುಹಾಕಿತ್ತು. ಹೋಳಿಯಾದ ಮೇಲೆ ದವನದ ಹುಣ್ಣಿಮೆ ಬರುತ್ತದೆ ಎಂದು ಅದಕ್ಕೆ ಯಾರು ಹೇಳಿದ್ದರು? ಹನ್ನೆರಡಾದ ಮೇಲೆ ಒಂದು ಬರುವುದು ಯಾವ ಅಂಕಿಯ ಗುಣ? ಹಿಂದಿನ ವರ್ಷದ ಸೀಗಿ ಹುಣ್ಣಿಮೆಗೆ ನೆಟ್ಟವರಂತೂ, ಎಲ್ಲರಿಗಿಂತ ಹಿರಿಯ ಕಬ್ಬಿನವರು, ಎಲ್ಲರಿಗಿಂತ ಕೆಳಗೆ ಬಿದ್ದಿದ್ದರು.

ಚೀಲದಲ್ಲಿ ಮೊದಲ ಸಲದ ಹಾಳೆಗಳು ಇನ್ನೂ ಇದ್ದವು. ತೆಗೆದು ಆ ತಕರಾರನ್ನು ಮತ್ತೆ ಓದಿದಳು. ಆಗ ಅದು ಹಟಮಾರಿಯ ಮಾತಿನಂತೆ ಕೇಳಿಸಿತ್ತು. ಈಗ ಅದೇ ಸಾಲು ಬೇರೆಯಾಗಿ ಕೇಳಿಸಿತು. ಇದು ಹೆಸರು ಎಂದವಳು ನೀನು, ಹೆಸರಿನಲ್ಲಿ ಹೆಸರನ್ನು ಕಳೆ ಎನ್ನುವವಳೂ ನೀನು, ಎರಡರಲ್ಲಿ ಯಾವುದು ನಿಜ? ಅದು ಕೇಳಿದ್ದು ಅಷ್ಟೇ. ಉತ್ತರ ಹೇಳುವ ಬದಲು ಅವಳು ಎಲ್ಲದಕ್ಕೂ ಜೋಳ ಎಂದು ಹೇಳಿಸಿದ್ದಳು.

"ತಪ್ಪ ನಂದು," ಎಂದು ಅವಳು ದುಂಡಪ್ಪನ ಮುಂದೆ ನಿಂತಳು. "ಹಾಳಿ ತಗೀಬೇಕ್ರಿ."

ದುಂಡಪ್ಪ ಎದ್ದು ಬಾಗಿಲು ಮುಂದೆ ಮಾಡಿದ. "ಹಚ್ಚಿದ ಹಾಳಿ ತಗದ್ರ ಜನಾ ಏನಂತಾರ ಗೊತ್ತೈತೇನ? ನಾ ಅದನ್ನ ಮಾಡತಿದ್ನಿ, ಅದಕ್ಕ ನನ್ನ ಅಡ್ಡಹಾಕಿದ್ರು. ಬಂದದ್ದು ಬಂತು ಅಂತ ಬಿಡು. ಮಿಷನ್ ಹೇಳೈತಿ ಅಂದ್ರ ಯಾರೂ ಎದರ ಮಾತಾಡೂದಿಲ್ಲ. ನಿನ್ನ ನೌಕರಿನೂ ಉಳೀತೈತಿ."

"ರಾಯವ್ವಂದು ಒಣಗತೈತ್ರಿ."

"ಒಬ್ಬರದು ಯಾರದರ ಒಣಗೂದ."

ಸೀತವ್ವ ಬಾಗಿಲು ತೆರೆದು ಹೊರಗೆ ಬಂದಳು. ಕಟ್ಟೆಯ ಮೇಲೆ ಜನ ಇನ್ನೂ ಇದ್ದರು. ರಾಯವ್ವನನ್ನೂ ಕರೆಸಿದಳು. ಅವಳು ಬಂದು ಎಲ್ಲರಿಂದ ದೂರ, ಮರದ ಬೇರಿನ ಮೇಲೆ, ಇತ್ತ ಮುಖ ಮಾಡದೆ ಕೂತಳು. ಹಾಳೆಯ ಅಂಟು ಇನ್ನೂ ಪೂರ್ತಿ ಒಣಗಿರಲಿಲ್ಲ. ಮೂಲೆ ಹಿಡಿದು ಎಳೆದರೆ ಸುಣ್ಣದ ಸಮೇತ ಕಿತ್ತು ಬಂತು.

"ಏ, ಏ, ಹರೀಬ್ಯಾಡ," ಎಂದು ಶಂಕ್ರೆಪ್ಪ ಮುಂದೆ ಬಂದ. "ಮಿಷನ್ ಕೊಟ್ಟದ್ದ ಹರ್ಯಾಕ ನೀ ಯಾವಾಕಿ? ಯಾರ ಹೇಳಿಕೊಟ್ಟಾರ ನಿನಗ?"

"ಯಾರೂ ಇಲ್ರಿ. ಒಂದು ಕೇಳತೇನಿ, ಹೇಳ್ರಿ. ನೂಲ ಹುಣ್ಣಿಮ್ಯಾಗ ಕಾರಹುಣ್ಣಿಮಿ ಕಳದ್ರ ಎಷ್ಟ ಉಳೀತೈತಿ?"

ಮುದುಕನೊಬ್ಬ, "ಹುಣ್ಣಿಮ್ಯಾಗ ಹುಣ್ಣಿಮಿ ಕಳದ್ರ ಅಮಾಸಿ ಉಳೀತೈತಿ," ಎಂದ. ಕಟ್ಟೆ ನಕ್ಕಿತು.

"ಹುಣ್ಣಿಮಿ ಏನ್ ಜ್ವಾಳದ ಚೀಲೇನ, ಕಳ್ಯಾಕ?" ಎಂದ ಬೀರಪ್ಪ.

"ಮಿಷನ್ನೂ ಹಂಗ ಅಂದಿತ್ತು ಕಾಕಾ. ಮೊದ್ಲ ಸಲ ವಾಪಸ್ ಕಳಸಿತ್ತಲ್ಲ, ಆವಾಗ ಇದನ್ನ ಹೇಳಿತ್ತು. ಇದು ಹೆಸರು, ಕಳ್ಯಾಕ ಬರೂದಿಲ್ಲ ಅಂತ. ನಾನ ಅದರ ಬಾಯಿ ಮುಚ್ಚಿಸಿದ್ನಿ. ಹುಣ್ಣಿಮಿ ಅಂಕಿ ಅಂತ ಸುಳ್ಳ ಹೇಳಿದ್ನಿ. ಅದು ನಂಬಿ ಕಳೀತು."

ಬೀರಪ್ಪ ಕಂಬಳಿಯ ಅಂಚನ್ನು ಬೆರಳಿಗೆ ಸುತ್ತುತ್ತ ನಿಧಾನಕ್ಕೆ ಹೇಳಿದ. "ಅಂದ್ರ ಅದು ಖರೇ ಹೇಳಿತ್ತು. ಸುಳ್ಳ ಹೇಳಿದಾಕಿ ನೀನು."

"ಹೌದ್ರಿ."

"ಸಾಹೇಬ ಹೇಳಿಕೊಟ್ನೇನ?"

ಸೀತವ್ವ ದುಂಡಪ್ಪನ ಕೋಣೆಯ ಬಾಗಿಲ ಕಡೆ ನೋಡಿದಳು. ಅವನ ಹೆಸರು ಹೇಳಿಬಿಟ್ಟರೆ ಇಡೀ ಕಟ್ಟೆ ಅವಳ ಕಡೆಗಾಗುತ್ತಿತ್ತು. "ಬರದ ಕೈ ನಂದ," ಎಂದಳು.

ಮರದ ಬೇರಿನ ಮೇಲಿಂದ ರಾಯವ್ವ ಈಗ ಇತ್ತ ತಿರುಗಿದಳು. "ಇನ್ನೊಮ್ಮೆ ನೀ ಸುಳ್ಳ ಹೇಳಿದ್ರ ಹಿಡೀತೈತೇನ ಅದು?"

ಸೀತವ್ವ ಅವಳ ಕಡೆ ಎರಡು ಹೆಜ್ಜೆ ಹೋದಳು. "ಜಾತಿ ತಪ್ಪಿದ್ರ ಹಿಡೀತೈತ್ರಿ, ಚಿಗವ್ವ. ಅಂಕಿ ಇರೂಕಡೆ ಹೆಸರು ಇಟ್ರ ಹಿಡೀತೈತಿ. ಜಾತಿ ಸರಿ ಇದ್ದು ಮಾತ ಸುಳ್ಳ ಇದ್ರ ಅದಕ್ಕ ಗೊತ್ತಾಗೂದಿಲ್ಲ. ಭಾರತ ಹುಣ್ಣಿಮಿಗೆ ನೆಟ್ಟದ್ದು ಹೋಳಿಗೆ ನೆಟ್ಟದ್ದು ಅಂತ ಬರದ್ರ, ಹ್ಞೂಂ ಅಂತೈತಿ."

"ಹಂಗಾರ ಅದು ನೋಡೂದು ಅದು ನೋಡಲಿ. ಉಳದದ್ದ ನಾವ ನೋಡಬೇಕು."

"ನೋಡ್ರಿ," ಎಂದಳು ಸೀತವ್ವ. "ನನ್ನೂ ನೋಡಕೋತ ಇರ್ರಿ."

ಮಾತು ಸಂಜೆಯ ತನಕ ನಡೆಯಿತು. ಹೊಸ ಹಾಳೆ ಬರುವ ತನಕ ಕಾರ್ಖಾನೆ ಕಾಯುವುದಿಲ್ಲ. ಬಾಯ್ಲರು ಹೊತ್ತಿದರೆ ಕಬ್ಬು ಬೇಕು. ಶಂಕ್ರೆಪ್ಪ ಇರುವ ಹಾಳೆಯಂತೆಯೇ ನಡೆಯಲಿ ಎಂದು ಮೂರು ಸಲ ಎದ್ದು ಮೂರು ಸಲ ಕೂತ. ಕೊನೆಗೆ ಬೀರಪ್ಪನೇ ತೀರ್ಮಾನ ಹೇಳಿದ. ಹೋದ ವರ್ಷದ ಸೀಗಿ ಹುಣ್ಣಿಮೆಗೆ ನೆಟ್ಟವರ ಕಬ್ಬು ಎಲ್ಲಕ್ಕಿಂತ ಹಿರಿದು, ಅದರಲ್ಲಿ ಯಾರಿಗೂ ಸಂಶಯವಿಲ್ಲ. ಹೊಸ ಹಾಳೆ ಬರುವವರೆಗೆ ಅದನ್ನು ಕಡಿಯಲಿ. "ನಂದು ಕೆಳಗ ಹೋಗತೈತಿ, ಹೋಗಲಿ," ಎಂದ. "ಕೆಳಗ ಇದ್ರ ನನಗ ನಿದ್ದಿ ಹತ್ತತೈತಿ. ಮ್ಯಾಲ ಇದ್ರ ಯಾಕ ಅಂತ ಯೋಚನಿ."

ಸೀತವ್ವ ಮತ್ತೆ ಬರೆದಳು. ಈ ಸಲ ಹುಣ್ಣಿಮೆ ಅಕ್ಷರವಾಗಿಯೇ ಉಳಿಯಿತು. ದಿನ ಎಂಬ ಇನ್ನೊಂದು ಹೆಸರಿಟ್ಟು ಅದನ್ನು ಅಂಕಿ ಎಂದಳು. ಎರಡರ ನಡುವೆ ಒಂದು ಪಟ್ಟಿ: ಯಾವ ವರ್ಷದ ಯಾವ ಹುಣ್ಣಿಮೆ, ಅದು ಮೊದಲಿನಿಂದ ಎಷ್ಟನೆಯ ದಿನ. ಪಂಚಾಂಗವನ್ನು ಮುಂದಿಟ್ಟುಕೊಂಡು ಹುಣ್ಣಿಮೆಗಳನ್ನು ತುಂಬಿದಳು. ಹುಣ್ಣಿಮೆ ಆ ಪಟ್ಟಿಯೊಳಗೆ ಹೋಗಬೇಕು, ದಿನವಾಗಿ ಹೊರಗೆ ಬರಬೇಕು. ಕೂಡುವುದು ಕಳೆಯುವುದೆಲ್ಲ ದಿನದ ಕೆಲಸ, ಹುಣ್ಣಿಮೆಯದಲ್ಲ.

ಕಟ್ಟು ಹೋಯಿತು, ವಾಪಸು ಬಂತು. ಪಾಳಿಯಿರಲಿಲ್ಲ, ಒಂದು ತಕರಾರಿತ್ತು.

"ಮತ್ತ?" ಎಂದ ದುಂಡಪ್ಪ. ಈಚೆಗೆ ಅವನು ಅವಳ ಕೋಣೆಗೆ ತಾನೇ ಬಂದು ನಿಲ್ಲುತ್ತಿದ್ದ. ಹೊರಗೆ ಸೀಗಿ ಹುಣ್ಣಿಮೆಯ ಕಬ್ಬಿನ ಗಾಡಿಗಳು ತೂಕಕ್ಕೆ ಸಾಲುಗಟ್ಟಿದ್ದವು. ಅದು ಮುಗಿಯುತ್ತ ಬಂದಿತ್ತು. "ಮತ್ತ ಅಡ್ಡಾ ಹಾಕೈತೇನ? ಈ ಸಲ ಏನಂತೈತಿ?"

ಸೀತವ್ವ ಸಾಲನ್ನು ಹುಡುಕಿ ಓದಿದಳು. ಎಲ್ಲ ಕಡೆ ಪಟ್ಟಿಯ ಮೂಲಕ ದಿನ ಮಾಡಿದವಳು ಒಂದು ಕಡೆ ಮರೆತು, ಹುಣ್ಣಿಮೆಯನ್ನು ಹಾಗೆಯೇ ಕಳೆಯಲು ಹೇಳಿದ್ದಳು. ಮಿಷನ್ನು ಅದನ್ನು ಹಾಗೇ ಬಿಟ್ಟಿದ್ದರೆ ಯಾರ ಪಾಳಿ ಎಲ್ಲಿ ಹೋಗುತ್ತಿತ್ತೋ. ಅವಳಿಗೆ ನಗು ಬಂತು.

"ಯಾಕ ನಗತಿ?"

"ನನ್ನ ಮ್ಯಾಲ ಸಂಶಯಾ ಬಂದೈತ್ರಿ ಅದಕ್ಕ. ಖರೇ ಐತಿ."

ದುಂಡಪ್ಪ ತಾನೇ ಜೀಪಿನ ಡ್ರೈವರನನ್ನು ಕರೆದ. "ಅವಸರ ಮಾಡಬ್ಯಾಡ," ಎಂದ ಅವಳಿಗೆ. "ತಿದ್ದು. ಅಂವಾ ನಿಂದರತಾನ."

ಕೊನೆಗೂ ಬಂದ ಹಾಳೆಗಳನ್ನು ಸೀತವ್ವ ಹಚ್ಚುವ ಮೊದಲು ಕಟ್ಟೆಯ ಮೇಲೆ ಹರಡಿ, ಒಂದೊಂದು ಹೆಸರಿಗೂ ಅಕ್ಕಪಕ್ಕದ ಹೊಲದವರನ್ನು ಕೇಳಿ, ಹೌದೆನ್ನಿಸಿಕೊಂಡಳು. ಬೀರಪ್ಪ ಪ್ರತಿ ಹೆಸರಿಗೂ "ಖರೇ ಏನ? ಆಣಿ ಮಾಡತಿ ಏನ?" ಎಂದು ಕೇಳಿ ಜನರನ್ನು ರೇಗಿಸಿದ. ಬನದ ಹುಣ್ಣಿಮೆಯವರಾದ ಮೇಲೆ ರಾಯವ್ವನ ಹೆಸರಿತ್ತು. ಅವಳು ಮಾತ್ರ ಬಂದಿರಲಿಲ್ಲ. ಹೇಳಿ ಕಳಿಸಿದರೆ, "ಹಾಳಿ ನೋಡಿ ನೋಡಿ ಸಾಕಾಗೈತಿ, ಕೊಯ್ತಾ ಬರಲಿ," ಎಂದಳಂತೆ.

ಕಬ್ಬು ಕಡಿಯುವ ಕೊಯ್ತಾ ಬಂದ ದಿನ ಸೀತವ್ವ ಆಫೀಸಿಗೆ ಹೋಗದೆ ನೇರ ಹೊಲಕ್ಕೆ ಹೋದಳು. ಇಬ್ಬನಿ ಇನ್ನೂ ಆರಿರಲಿಲ್ಲ. ಕಡಿಯುವ ಗ್ಯಾಂಗಿನವರು ಬದುವಿನ ಮೇಲೆ ಬುತ್ತಿಗಂಟು ಇಟ್ಟು, ಸೆರಗು ಸಿಕ್ಕಿಸಿ, ಕೊಯ್ತಾದ ಬಾಯಿಗೆ ಹೆಬ್ಬೆರಳು ಹಚ್ಚಿ ನೋಡುತ್ತಿದ್ದರು. ರಾಯವ್ವ ಕಬ್ಬಿನ ಅಂಚಿನಲ್ಲಿ ನಿಂತಿದ್ದಳು, ದಾರಿ ತಡೆದವಳ ಹಾಗೆ.

"ಕಡಿತದ ಚಿಟ್ಟಿ ಯಾರ ಹೆಸರಿಗೆ ಐತಿ?" ಎಂದು ಗ್ಯಾಂಗಿನ ಮುಖಂಡನನ್ನು ಕೇಳಿದಳು.

"ನಿಮ್ಮ ಹೆಸರಿಗ್ರಿ ಅವ್ವಾರ."

"ಸೀತವ್ವ, ಓದು."

ಸೀತವ್ವ ಚಿಟ್ಟಿ ತೆಗೆದುಕೊಂಡು ಓದಿದಳು. ರಾಯವ್ವ ಅವಳ ಬಾಯನ್ನೇ ನೋಡುತ್ತ ಕೇಳಿ, ಚಿಟ್ಟಿಯನ್ನು ಮುಖಂಡನ ಕೈಗೆ ಕೊಟ್ಟು, "ಇವರೂ ಓದಲಿ," ಎಂದಳು. ಅವನೂ ಓದಿದ. ಎರಡೂ ಒಂದೇ ಆದ ಮೇಲೆ ಪಕ್ಕಕ್ಕೆ ಸರಿದಳು.

ಕೊಯ್ತಾ ಬೀಳತೊಡಗಿತು. ಹೊಲ ತಳದಿಂದ ಬಿಚ್ಚಿಕೊಳ್ಳುತ್ತ ಹೋಯಿತು. ಹಸಿರು ತುದಿಗಳನ್ನು ಕಡಿದು ಎತ್ತಿಗೆ ಒಟ್ಟಿದರು, ಜಲ್ಲೆಗಳನ್ನು ಕಟ್ಟಿ ಬದುವಿಗೆ ಸಾಗಿಸಿದರು. ಮಧ್ಯಾಹ್ನದ ಹೊತ್ತಿಗೆ, ಅಷ್ಟು ದಿನ ಬರೀ ಸದ್ದು ಕೇಳಿಸುತ್ತಿದ್ದ ಆಚೆಯ ರಸ್ತೆ ಕಾಣಿಸಿತು. ನೇಸರಗಿಯ ಬಸ್ಸೊಂದು ಧೂಳೆಬ್ಬಿಸಿಕೊಂಡು ಹೋಯಿತು. ಕಿಟಕಿಯಲ್ಲಿದ್ದವರು ಇತ್ತ ನೋಡಿದರು.

ಬೇಡವೆಂದರೂ ಕೇಳದೆ ರಾಯವ್ವ ಕಡಿಯುವವರ ಹಿಂದೆಯೇ ನಡೆಯುತ್ತಿದ್ದಳು. ಪ್ರತಿ ಬುಡದ ಹತ್ತಿರ ಕೂತು, ನೆಲಕ್ಕೆ ಅಂಗೈ ಚಪ್ಪಟೆ ಇಟ್ಟು, ಎಷ್ಟು ಎತ್ತರ ಬಿಟ್ಟಿದ್ದಾರೆಂದು ನೋಡುತ್ತಿದ್ದಳು; ಬುಡದಲ್ಲಿ ಉಳಿದಷ್ಟು ತೂಕ ಹೋದಂತೆ. ಕಡಿಯುವ ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ನೋಡಿ ನಕ್ಕರು. ಅವಳು ಅತ್ತ ಗಮನ ಕೊಡದೆ ಎದ್ದು ಮುಂದಿನ ಬುಡಕ್ಕೆ ಹೋದಳು. ಬದುವಿನ ಆಚೆ ಹೇರಿದ ಮೊದಲ ಗಾಡಿ ಹೊರಟಿತು, ಗಾಲಿ ಒಮ್ಮೆ ಮಣ್ಣಿನಲ್ಲಿ ಕಚ್ಚಿ ನಿಂತು, ಎತ್ತುಗಳು ಕೊರಳು ಚಾಚಿ ಎಳೆದ ಮೇಲೆ, ನಿಧಾನವಾಗಿ ರಸ್ತೆಗೆ ಏರಿತು.